ಲೆಕ್ಕದ ಪುಸ್ತಕ ಓದಬಲ್ಲ ವಕೀಲ: ಹ್ಯೂಸ್ ಕುರಿತ ಒಂದು ಭಾನುವಾರದ ತರಗತಿ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಿರಿಯ ವಕೀಲರಿಗೂ ಕಾನೂನು ವಿದ್ಯಾರ್ಥಿಗಳಿಗೂ ಶುಲ್ಕ ಪಡೆದು ನಡೆಸುವ ಭಾನುವಾರದ ತರಗತಿಗೆ ಈ ಸಲ ಆಯ್ದುಕೊಂಡದ್ದು ಅಮೆರಿಕದ ವಕೀಲ, ರಾಜಕಾರಣಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ (1862–1948) ಅವರ ವೃತ್ತಿಜೀವನವನ್ನು. ನ್ಯೂಯಾರ್ಕಿನ ಗವರ್ನರ್, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಅಧ್ಯಕ್ಷ ಪದವಿಯ ಅಭ್ಯರ್ಥಿ, ವಿದೇಶಾಂಗ ಕಾರ್ಯದರ್ಶಿ, ಕೊನೆಗೆ ಮುಖ್ಯ ನ್ಯಾಯಮೂರ್ತಿ ಎಂಬ ಪದವಿಗಳ ಪಟ್ಟಿಯನ್ನೇ ಒಪ್ಪಿಸಿದ್ದರೆ ಬೆಳಗು ಅಲ್ಲಿಗೇ ಮುಗಿಯುತ್ತಿತ್ತು. ತರಗತಿ ನಡೆಸಿಕೊಟ್ಟ ಹಿರಿಯ ವಕೀಲರು ಅದನ್ನು ಬದಿಗಿಟ್ಟು, 1905ರ ವಿಮಾ ಕಂಪನಿಗಳ ವಿಚಾರಣೆಗೇ ಅರ್ಧಕ್ಕಿಂತ ಹೆಚ್ಚು ಹೊತ್ತು ಕೊಟ್ಟದ್ದು ಸರಿಯಾದ ನಿರ್ಧಾರ.

ಅದೇ ವರ್ಷ ನ್ಯೂಯಾರ್ಕ್ ನಗರದ ಗ್ಯಾಸ್ ದರದ ತನಿಖೆಯಲ್ಲಿ ಹೆಸರು ಮಾಡಿದ್ದ ಹ್ಯೂಸ್ ಅವರನ್ನು ಜೀವವಿಮಾ ಕಂಪನಿಗಳ ತನಿಖೆಗೆ ನ್ಯೂಯಾರ್ಕ್ ಶಾಸನಸಭೆ ರಚಿಸಿದ್ದ ಆರ್ಮ್‌ಸ್ಟ್ರಾಂಗ್ ಸಮಿತಿ ತನ್ನ ವಕೀಲರನ್ನಾಗಿ ನೇಮಿಸಿಕೊಂಡಿತು. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅವರು ಕಂಪನಿಗಳ ಮುಖ್ಯಸ್ಥರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ದನಿ ಏರಿಸದೆ, ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಕೇಳಿದರು. ನ್ಯೂಯಾರ್ಕ್ ಲೈಫ್ ಕಂಪನಿ 1904ರ ಚುನಾವಣೆಯಲ್ಲಿ ಪಾಲಿಸಿದಾರರ ಹಣದಿಂದ ಸುಮಾರು 48 ಸಾವಿರ ಡಾಲರ್‌ಗಳನ್ನು ರಿಪಬ್ಲಿಕನ್ ಪಕ್ಷಕ್ಕೆ ಕೊಟ್ಟಿದ್ದು ಹೀಗೆ ಹೊರಬಿತ್ತು. ಹ್ಯೂಸ್ ಕೂಡ ರಿಪಬ್ಲಿಕನ್ನರೇ ಎಂಬುದನ್ನು ಮರೆಯಬಾರದು. ತನಿಖೆ ನಡೆಯುತ್ತಿರುವಾಗಲೇ ಪಕ್ಷ ಅವರಿಗೆ ನಗರದ ಮೇಯರ್ ಅಭ್ಯರ್ಥಿತನ ನೀಡಿತು; ಅವರು ಬೇಡವೆಂದರು.

ಅದೇ ಕಂಪನಿಯ ಉಪಾಧ್ಯಕ್ಷ ಜಾರ್ಜ್ ಪರ್ಕಿನ್ಸ್ ಬಾಂಡುಗಳನ್ನು ಮಾರುತ್ತಿದ್ದ ಮಾರ್ಗನ್ ಬ್ಯಾಂಕಿಂಗ್ ಸಂಸ್ಥೆಯ ಪಾಲುದಾರರೂ ಆಗಿದ್ದರಿಂದ, ಬಾಂಡುಗಳನ್ನು ಮಾರುವ ಕಡೆಗೂ ಕೊಳ್ಳುವ ಕಡೆಗೂ ಅವರೇ ಇರುತ್ತಿದ್ದರು. ಅಡಿಕೆ ಮಂಡಿಯಲ್ಲಿ ನಿಮ್ಮ ಮಾಲು ಮಾರಿಕೊಡುವ ದಲಾಲಿಯೇ ಬೇನಾಮಿ ಹೆಸರಿನಲ್ಲಿ ಅದನ್ನು ಕೊಂಡರೆ ಹೇಗೋ ಹಾಗೆ ಎಂದು ಉಪನ್ಯಾಸಕರು ಹೇಳಿದಾಗ, ಸಾಗರ ಕಡೆಯಿಂದ ಬಂದಿದ್ದ ಹುಡುಗರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಆಮೇಲೆ ಹಂಚಿದ ಹಾಳೆಯಲ್ಲಿ ಬಲಗಡೆ ಸಾಕ್ಷಿಯ ಉತ್ತರದ ಸಾರಾಂಶವಿತ್ತು, ಎಡಗಡೆ ಖಾಲಿ ಬಿಟ್ಟಿತ್ತು; ಮುಂದಿನ ಪ್ರಶ್ನೆಯನ್ನು ನಾವೇ ಬರೆಯಬೇಕಿತ್ತು. ಹೆಚ್ಚಿನವರು ಆರೋಪ ಬರೆದರು. ಹ್ಯೂಸ್ ಆಗಿದ್ದರೆ ತಾರೀಖು, ಮೊತ್ತ, ಸಹಿ ಯಾರದೆಂದು ಮಾತ್ರ ಕೇಳುತ್ತಿದ್ದರು ಎಂದು ಉಪನ್ಯಾಸಕರು ಒಂದೊಂದೇ ಹಾಳೆ ತಿದ್ದಿಕೊಟ್ಟರು. 300 ರೂಪಾಯಿ ಶುಲ್ಕಕ್ಕೆ ಈ ಒಂದು ಅಭ್ಯಾಸವೇ ಸಾಕಿತ್ತು.

1906ರಲ್ಲಿ ಪತ್ರಿಕೋದ್ಯಮಿ ಹರ್ಸ್ಟ್ ಅವರನ್ನು ಸೋಲಿಸಿ ಗವರ್ನರ್ ಆದದ್ದು, 1910ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಚಹಾಕ್ಕೆ ಮುಂಚೆ ಓಡಿದವು. 1916ರ ಅಧ್ಯಕ್ಷ ಚುನಾವಣೆಯನ್ನು ಮಾತ್ರ ಸ್ವಾರಸ್ಯವಾಗಿ ಹೇಳಿದರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನ ಒಂದೇ ಹೋಟೆಲಿನಲ್ಲಿದ್ದೂ ಹ್ಯೂಸ್ ಅಲ್ಲಿನ ಪ್ರಭಾವಿ ಗವರ್ನರ್ ಹೈರಂ ಜಾನ್ಸನ್ ಅವರನ್ನು ಭೇಟಿಯಾಗಲಿಲ್ಲ. ಕೊನೆಗೆ ಆ ರಾಜ್ಯವನ್ನು ನಾಲ್ಕು ಸಾವಿರಕ್ಕೂ ಕಡಿಮೆ ಮತಗಳಿಂದ ಕಳೆದುಕೊಂಡು, ಅಧ್ಯಕ್ಷ ವಿಲ್ಸನ್ ಎದುರು, ರಾಜ್ಯವಾರು ಲೆಕ್ಕ ಹಾಕುವ ಎಲೆಕ್ಟೋರಲ್ ಮತಗಳಲ್ಲಿ 277–254ರಿಂದ ಸೋತರು. ಜಾನ್ಸನ್ ಅದೇ ಚುನಾವಣೆಯಲ್ಲಿ ಸೆನೆಟಿಗೆ ಭಾರೀ ಬಹುಮತದಿಂದ ಗೆದ್ದರು. ಮಲೆನಾಡಿನಲ್ಲಿ ಟಿಕೆಟ್ ಮುನಿಸು ಕಂಡವರಿಗೆ ಇದು ಹೊಸ ಕಥೆಯಲ್ಲ.

ನನ್ನ ಮುಖ್ಯ ತಕರಾರು 1937ರ ಬಗ್ಗೆ. ನ್ಯಾಯಮೂರ್ತಿಗಳ ಸಂಖ್ಯೆ ಹೆಚ್ಚಿಸಲು ಅಧ್ಯಕ್ಷ ರೂಸ್‌ವೆಲ್ಟ್ ಮಸೂದೆ ತಂದು, ಕೋರ್ಟಿಗೆ ಕೆಲಸದ ಹೊರೆ ಹೆಚ್ಚಾಗಿದೆ ಎಂಬ ಕಾರಣ ಮುಂದಿಟ್ಟಾಗ, ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಭಾಷಣ ಮಾಡಲಿಲ್ಲ. ಮಸೂದೆಯನ್ನು ವಿರೋಧಿಸುತ್ತಿದ್ದ ಸೆನೆಟರ್ ವೀಲರ್ ಅವರಿಗೆ ಪತ್ರ ಬರೆದು, ಪ್ರಕರಣಗಳ ಅಂಕಿಅಂಶ ಕೊಟ್ಟು, ಕೋರ್ಟಿನ ಕೆಲಸ ಬಾಕಿ ಬಿದ್ದಿಲ್ಲವೆಂದು ತೋರಿಸಿದರು. ವಿಮಾ ಕಂಪನಿಗಳನ್ನು ಲೆಕ್ಕದಿಂದ ಮಣಿಸಿದ ವಕೀಲರೇ ಇಲ್ಲಿಯೂ ಕೆಲಸ ಮಾಡಿದ್ದಾರೆ. ಬೆಳಗಿಡೀ ಕಟ್ಟಿಕೊಂಡು ಬಂದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗದು; ಅದಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ವಿದೇಶಾಂಗ ಕಾರ್ಯದರ್ಶಿಯಾಗಿ ಹ್ಯೂಸ್ ನಡೆಸಿದ, ಯುದ್ಧನೌಕೆಗಳಿಗೆ ಮಿತಿ ಹಾಕಿದ 1921–22ರ ವಾಷಿಂಗ್ಟನ್ ನೌಕಾ ಸಮ್ಮೇಳನಕ್ಕೆ ಅದೂ ಇಲ್ಲ.

ಹಂಚಿದ ನಕಲು ಪ್ರತಿಗಳಲ್ಲಿ ಕೊನೆಯ ಸಾಲುಗಳು ಮಸುಕಾಗಿದ್ದವು, ಹಿಂದಿನ ಬೆಂಚಿಗೆ ದನಿ ಸರಿಯಾಗಿ ತಲುಪುತ್ತಿರಲಿಲ್ಲ. ಕೆಳಗಿನ ಕೋರ್ಟುಗಳಲ್ಲಿ ಸಾಕ್ಷಿ ವಿಚಾರಣೆ ನಡೆಸುವ ಕಿರಿಯರು ಅವಶ್ಯ ಹೋಗಬಹುದು. ಸಂವಿಧಾನದ ಪರೀಕ್ಷೆಗೆ ಟಿಪ್ಪಣಿ ಬೇಕೆನ್ನುವವರಿಗೆ ಇದು ತಕ್ಕ ತರಗತಿಯಲ್ಲ.