ಶ್ಯೂರ್ ಎಸ್‌ಎಂ58 ಮೈಕ್: ಸ್ವಂತ ಹಾಡು ಹಾಡುವವರು ಮೊದಲು ಕೊಳ್ಳಬೇಕಾದದ್ದು

ಸ್ವಂತ ಹಾಡು ಬರೆದು, ರಾಗ ಹಾಕಿ, ಬೆಂಗಳೂರಿನ ಸಣ್ಣಪುಟ್ಟ ವೇದಿಕೆಗಳಲ್ಲಿ ಹಾಡುವವರು ಮೊದಲು ಏನು ಕೊಳ್ಳಬೇಕು? ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಗಿಟಾರ್ ಆಮೇಲೆ, ಸ್ಪೀಕರ್ ಆಮೇಲೆ. ಮೊದಲು ನಿಮ್ಮದೇ ಒಂದು ಮೈಕ್ ಕೊಳ್ಳಿ. ನಾನು 2017ರಿಂದ ಶ್ಯೂರ್ ಕಂಪನಿಯ ಎಸ್‌ಎಂ58 ಬಳಸುತ್ತಿದ್ದೇನೆ. ಇಷ್ಟು ವರ್ಷ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಪೆಟ್ಟಿಗೆ ಬಿಚ್ಚಿದ ದಿನ ಬರೆದದ್ದಲ್ಲ.

ಮೈಕ್ ಯಾಕೆ ಮೊದಲು ಅಂದರೆ, ಎಲ್ಲರಿಗೂ ಗೊತ್ತಿರುವ ಹಾಡನ್ನು ಕೆಟ್ಟ ಮೈಕ್‌ನಲ್ಲಿ ಹಾಡಿದರೂ ಹೇಗೋ ನಡೆದುಹೋಗುತ್ತದೆ. ಅರ್ಧ ಮಾತು ಕೇಳಿಸಿದರೆ ಸಾಕು, ಉಳಿದರ್ಧ ಕೇಳುವವರ ಬಾಯಲ್ಲೇ ಇರುತ್ತದೆ. ಹೊಸ ಹಾಡಿಗೆ ಆ ಭಾಗ್ಯ ಇಲ್ಲ. ಕುಳಿತವರು ಅದನ್ನು ಕೇಳುತ್ತಿರುವುದು ಜೀವನದಲ್ಲಿ ಅದೇ ಮೊದಲ ಸಲ. ಪಲ್ಲವಿಯ ಮೊದಲ ಸಾಲು ಕಿವಿಗೆ ಬೀಳಲಿಲ್ಲ ಅಂದರೆ ಎರಡನೇ ಸಾಲಿಗೆ ಫೋನ್ ತೆಗೆಯುತ್ತಾರೆ. ಅವರ ತಪ್ಪಲ್ಲ. ಬಸವನಗುಡಿಯ ಕಡೆ ಒಂದು ಸಣ್ಣ ಹಾಲ್‌ನಲ್ಲಿ ಅಲ್ಲಿದ್ದ ಮೈಕ್‌ನಲ್ಲೇ ಹಾಡಿ ಇಳಿದಾಗ ಹಿರಿಯರೊಬ್ಬರು ಹತ್ತಿರ ಬಂದು, 'ರಾಗ ತುಂಬಾ ಚೆನ್ನಾಗಿತ್ತಮ್ಮ. ಬಂದದ್ದು ಮಳೆನಾ, ಮನೆನಾ, ಅದೊಂದು ಗೊತ್ತಾಗಲಿಲ್ಲ' ಅಂದರು. ಹಾಡು ಪೂರ್ತಿ ಮಳೆಯ ಮೇಲೇ ಇತ್ತು. ಆ ತಿಂಗಳೇ ಈ ಮೈಕ್ ಕೊಂಡೆ.

ಎಸ್‌ಎಂ58 ಹೊಸ ವಸ್ತು ಏನಲ್ಲ. 1966ರಲ್ಲಿ ಬಂದದ್ದು, ಇವತ್ತಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮಾರುತ್ತಿದ್ದಾರೆ. ಡೈನಮಿಕ್ ಮೈಕ್. ಒಳಗೆ ತೆಳುವಾದ ಪೊರೆ, ಅದಕ್ಕೆ ಅಂಟಿದ ತಂತಿಸುರುಳಿ, ಸುತ್ತ ಅಯಸ್ಕಾಂತ. ದನಿಗೆ ಪೊರೆ ಅಲುಗಿದರೆ ಸುರುಳಿಯೂ ಅಲುಗಿ ಕರೆಂಟ್ ಹುಟ್ಟುತ್ತದೆ. ಬ್ಯಾಟರಿ ಬೇಡ, ಮಿಕ್ಸರ್‌ನಿಂದ ಕೇಬಲ್ ಮೂಲಕ ಬರುವ ಕರೆಂಟ್, ಅಂದರೆ ಫ್ಯಾಂಟಮ್ ಪವರ್, ಅದೂ ಬೇಡ. ಗಣೇಶನ ಪೆಂಡಾಲ್‌ನಲ್ಲಿ ಎಷ್ಟು ಹಳೆಯ ಆಂಪ್ಲಿಫೈಯರ್ ಇಟ್ಟಿದ್ದರೂ ಸರಿಯಾದ ಕೇಬಲ್ ಇದ್ದರೆ ಹಾಡಬಹುದು. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ಮುಂದಿನ ವಾರ ಯಾವ ಸೌಂಡ್ ಸಿಸ್ಟಂ ಎದುರಾಗುತ್ತದೆ ಅಂತ ನಮಗೆ ಗೊತ್ತೇ ಇರುವುದಿಲ್ಲ. ಇಂದಿರಾನಗರದ ಕೆಫೆಯಲ್ಲಿ ಒಂದು ಥರ, ಅಪಾರ್ಟ್‌ಮೆಂಟ್‌ನ ರಾಜ್ಯೋತ್ಸವದಲ್ಲಿ ಇನ್ನೊಂದು ಥರ, ಮದುವೆ ರಿಸೆಪ್ಷನ್‌ನಲ್ಲಿ ಮತ್ತೊಂದು.

ಹಾಡುವ ಮೊದಲು ದನಿ ಪರೀಕ್ಷಿಸಿ ಸರಿಮಾಡಿಕೊಳ್ಳುವ ಸೌಂಡ್‌ಚೆಕ್ ಅನ್ನುವುದು ನಮ್ಮ ಪಾಲಿಗೆ ಬಹುತೇಕ ಇಲ್ಲ. ಏಳಕ್ಕೆ ಅಂದ ಪ್ರೋಗ್ರಾಂ ಎಂಟಕ್ಕೆ ಶುರುವಾಗುತ್ತದೆ. ದೀಪ ಬೆಳಗಿ, ಸನ್ಮಾನ ಮುಗಿದು, ಮಕ್ಕಳ ಡಾನ್ಸ್ ಆಗಿ ನಮ್ಮ ಸರದಿ ಬರುವಾಗ ಒಂಬತ್ತು ದಾಟಿರುತ್ತದೆ. ಬಯಲಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮದಲ್ಲೇ ಅದು ಇದೆ, ನಿಯಮ ಸರಿಯಾಗಿಯೂ ಇದೆ. ಪಕ್ಕದ ಮನೆಯಲ್ಲಿ ಹಸುಗೂಸು ಇರಬಹುದು, ಪರೀಕ್ಷೆಗೆ ಓದುವವರಿರಬಹುದು. ಆದರೆ ಸಮಯ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಸೌಂಡ್‌ಚೆಕ್‌ಗೇ. ಸೀದಾ ಹತ್ತಬೇಕು, ಹಾಡಬೇಕು. ಆಗ ಕೈಯಲ್ಲಿರುವ ಮೈಕ್ ಹೇಗೆ ಕೇಳಿಸುತ್ತದೆ, ಎಷ್ಟು ಹತ್ತಿರ ಹಿಡಿದರೆ ಏನಾಗುತ್ತದೆ ಅನ್ನುವುದು ಮೊದಲೇ ಗೊತ್ತಿದ್ದರೆ ಅರ್ಧ ಚಿಂತೆ ಕಳೆಯುತ್ತದೆ. ಕಾರ್ಯಕ್ರಮದಲ್ಲಿ ಬೇರೆ ಎಲ್ಲವೂ ಬದಲಾಗಲಿ, ಇದೊಂದು ಬದಲಾಗುವುದಿಲ್ಲ.

ಸೌಂಡ್‌ನವರು ಶುರುವಲ್ಲಿ ಸ್ವಲ್ಪ ಮುಖ ನೋಡುತ್ತಾರೆ. 'ಮೇಡಂ, ನಮ್ಮದೇ ವೈರ್‌ಲೆಸ್ ಇದೆ, ಅದೇ ಸಾಕು ಬಿಡಿ' ಅನ್ನುತ್ತಾರೆ. 'ಇರಲಿ ಅಣ್ಣ, ಇದೂ ಒಂದು ಚಾನೆಲ್‌ಗೆ ಹಾಕಿಬಿಡಿ' ಅಂತ ಕೇಳಿಕೊಂಡರೆ ಇಲ್ಲ ಅನ್ನುವವರು ಕಡಿಮೆ. ಮಾಡೆಲ್ ನೋಡಿದ ಕೂಡಲೇ ಹೆಚ್ಚಿನವರು ತಾವೇ ಖುಷಿಯಿಂದ ಹಾಕುತ್ತಾರೆ, ಅವರಿಗೂ ಇದರ ಪರಿಚಯ ಇರುತ್ತದೆ. ಜೊತೆಗೆ ಇನ್ನೊಂದು ಮಾತು ಹೇಳಿಬಿಡುವುದು ಒಳ್ಳೆಯದು: ಎಕೋ ಕಡಿಮೆ ಇಡಿ. ಟ್ರ್ಯಾಕ್ ಹಾಕಿಕೊಂಡು ಹಾಡುವವರಿಗೆ ಎಕೋ ಇಷ್ಟ. ಆದರೆ ಹೊಸ ಹಾಡಿನ ಸಾಹಿತ್ಯಕ್ಕೆ ಅದರಷ್ಟು ದೊಡ್ಡ ಶತ್ರು ಇಲ್ಲ.

ಇನ್ನು ದನಿಯ ವಿಷಯ. ಇದು 50 ಹರ್ಟ್ಸ್‌ನ ತಗ್ಗು ದನಿಯಿಂದ 15,000 ಹರ್ಟ್ಸ್‌ನ ಕೀಚಲು ದನಿಯವರೆಗೆ ಹಿಡಿಯುತ್ತದೆ. ಕೆಳಗಿನ ಗುಂಯ್‌ಗುಡುವಿಕೆಯನ್ನು ಸ್ವಲ್ಪ ತಗ್ಗಿಸಿ, ಮಾತು ಸ್ಪಷ್ಟವಾಗುವ ಭಾಗವನ್ನು ಸ್ವಲ್ಪ ಎತ್ತಿ ಕೊಡುವಂತೆ ಮಾಡಿದ್ದಾರೆ. ಕನ್ನಡ ಹಾಡುವವರಿಗೆ ಇದರ ಲಾಭ ಚೆನ್ನಾಗಿ ಗೊತ್ತಾಗುತ್ತದೆ. ಳ ಮತ್ತು ಲ ಬೇರೆಬೇರೆಯಾಗಿ ಕೇಳಿಸುತ್ತವೆ. ಸ, ಶ ಚುಚ್ಚುವುದಿಲ್ಲ. ತೊಂದರೆ ಬರುವುದು ಪ, ಬ, ಭಗಳಲ್ಲಿ. ನನ್ನದೊಂದು ಹಾಡು 'ಪಕ್ಕದ ಬೀದಿಯ ಬೇವಿನ ಮರವೇ' ಅಂತ ಶುರುವಾಗುತ್ತದೆ. ಮೈಕ್ ನೇರ ಬಾಯಿಗೆ ಹಿಡಿದರೆ ಮೂರು ಪದಕ್ಕೂ ಉಸಿರು ಬಡಿದು ಡಬ್ ಡಬ್ ಅನ್ನುತ್ತದೆ. ಮೈಕ್‌ನ ತಲೆಯ ಮೇಲಿನ ಲೋಹದ ಬಲೆಯ ಒಳಗಿನ ಸ್ಪಂಜು ಒಂದಿಷ್ಟು ತಡೆಯುತ್ತದೆ, ಪೂರ್ತಿ ಅಲ್ಲ. ಹತ್ತಿರ ಹಿಡಿದು ಹಾಡುವ ಯಾವ ಮೈಕ್‌ಗಾದರೂ ಇದು ಇದ್ದದ್ದೇ. ಮೈಕನ್ನು ತುಟಿಯ ಓರೆಗೆ, ಕೆನ್ನೆಯ ಕಡೆಯಿಂದ ಬಾಯಿಗೆ ತೋರಿಸಿ ಹಿಡಿದರೆ ಉಸಿರು ಪಕ್ಕಕ್ಕೆ ಹೋಗುತ್ತದೆ, ದನಿ ಮಾತ್ರ ಒಳಗೆ ಬರುತ್ತದೆ. ಮನೆಯಲ್ಲಿ ಅಂಗೈ ಎದುರಿಗಿಟ್ಟು ನಿಮ್ಮ ಹಾಡಿನ ಪ, ಬ ಹೇಳಿ ನೋಡಿ. ಗಾಳಿ ಎಲ್ಲಿ ಬಡಿಯುತ್ತದೋ ಅಲ್ಲಿ ಮೈಕ್ ಇರಬಾರದು, ಅಷ್ಟೇ.

ದೂರವೂ ಒಂದು ವಾದ್ಯವಿದ್ದಂತೆ. ತುಟಿಗೆ ತೀರಾ ಹತ್ತಿರ ಬಂದರೆ, ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಇಂಥ ಮೈಕ್‌ಗಳಲ್ಲಿ ದನಿ ದಪ್ಪವಾಗುತ್ತದೆ. ಮಂದ್ರದಲ್ಲಿ ಮೆಲ್ಲಗೆ ಹಾಡುವ ಸಾಲಿಗೆ ಒಂದೆರಡು ಬೆರಳಿನಷ್ಟು ಹತ್ತಿರ ಹೋಗುತ್ತೇನೆ. ಚರಣದಲ್ಲಿ ತಾರಕ್ಕೆ ಏರುವಾಗ ಹೆಚ್ಚುಕಡಿಮೆ ಒಂದು ಗೇಣು ಹಿಂದೆ. ಸೌಂಡ್‌ನವರು ದನಿ ಏರಿಳಿಸುವ ಫೇಡರ್ ಮುಟ್ಟದೇ ಹೋದರೂ ಹಾಡು ಸಮವಾಗಿ ನಿಲ್ಲುತ್ತದೆ. ಇದನ್ನು ಕೈಗೆ ರೂಢಿ ಮಾಡಿಕೊಳ್ಳಲು ಒಂದೇ ಮೈಕ್ ಜೊತೆ ತಿಂಗಳುಗಟ್ಟಲೆ ಇರಬೇಕು. ವೇದಿಕೆಗೊಂದು ಮೈಕ್ ಆದರೆ ಆಗುವ ಕೆಲಸ ಅಲ್ಲ.

ಫೀಡ್‌ಬ್ಯಾಕ್, ಅಂದರೆ ಸ್ಪೀಕರ್‌ನ ದನಿ ಮತ್ತೆ ಮೈಕ್‌ಗೇ ಹೋಗಿ ಕುಂಯ್ ಅನ್ನುವುದರ ಬಗ್ಗೆ ಒಂದು ಮಾತು. ಈ ಮೈಕ್ ಮುಂದಿನ ದನಿ ಹಿಡಿಯುತ್ತದೆ, ಬೆನ್ನ ಹಿಂದಿನದನ್ನು ತುಂಬಾ ಮಟ್ಟಿಗೆ ಬಿಡುತ್ತದೆ. ಹಾಗಾಗಿ ನಮ್ಮ ಹಾಡು ನಮಗೇ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಮೈಕ್‌ನ ಬಾಲದ ನೇರಕ್ಕೆ ಇರಬೇಕು, ಪಕ್ಕಕ್ಕಲ್ಲ. ಎಷ್ಟೋ ವೇದಿಕೆಗಳಲ್ಲಿ ಅದನ್ನು ಒಂದು ಮೂಲೆಗೆ ತಳ್ಳಿರುತ್ತಾರೆ. ನಾನೇ ಕಾಲಲ್ಲಿ ಸರಿಸಿಕೊಳ್ಳುತ್ತೇನೆ. ಬಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವುದು ಕೆಲವರಿಗೆ ಸ್ಟೈಲ್. ಹಾಗೆ ಮುಚ್ಚಿದರೆ ಹಿಂದಿನ ದನಿ ಬಿಡುವ ಗುಣವೇ ಕೆಟ್ಟು ಕುಂಯ್ ಅನ್ನಲು ಶುರುವಾಗುತ್ತದೆ.

ಬಿದ್ದರೂ ಕೆಡದಷ್ಟು ಗಟ್ಟಿ ಮೈಕ್ ಅಂತ ಜನ ಹೇಳುವುದು ನಿಜ. ಒಂದು ಗಣೇಶೋತ್ಸವದಲ್ಲಿ ಯಾರೋ ವೈರ್ ಎಡವಿ, ಸ್ಟ್ಯಾಂಡ್ ಸಮೇತ ವೇದಿಕೆಯಿಂದ ಕಲ್ಲುಚಪ್ಪಡಿಗೆ ಬಿತ್ತು. ಸದ್ದು ಕೇಳಿ ನನ್ನ ಎದೆ ಧಸಕ್ಕೆಂದಿತು. ಎತ್ತಿ ನೋಡಿದರೆ ಬಲೆ ಒಂದು ಕಡೆ ತಗ್ಗಾಗಿತ್ತು. ಹಾಗೇ ಹಾಡಿ ಮುಗಿಸಿದೆ, ದನಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಮನೆಗೆ ಬಂದು ಬಲೆ ತಿರುಗಿಸಿ ಬಿಚ್ಚಿ, ಸ್ಪಂಜು ತೆಗೆದು, ಒಳಗಿನಿಂದ ಚಮಚದ ಬೆನ್ನಲ್ಲಿ ಮೆಲ್ಲಗೆ ಒತ್ತಿದೆ. ತಗ್ಗು ಮುಕ್ಕಾಲು ಹೋಯಿತು. ಸಣ್ಣ ಗುರುತು ಇವತ್ತಿಗೂ ಇದೆ. ಬಲೆ ಪೂರ್ತಿ ಹಾಳಾದರೂ ಆರ್‌ಕೆ143ಜಿ ಅನ್ನುವ ಹೆಸರಿನಲ್ಲಿ ಬಿಡಿಯಾಗಿ ಸಿಗುತ್ತದೆ. ಒಳಗೆ ದನಿ ಹಿಡಿಯುವ ಭಾಗ, ಅಂದರೆ ಕಾರ್ಟ್ರಿಜ್ ಕೂಡ ಆರ್59 ಅಂತ ಬೇರೆ ಮಾರುತ್ತಾರೆ. ರಿಪೇರಿ ಮಾಡಿ ಬಳಸುವ ವಸ್ತು ಇದು, ಎಸೆಯುವಂಥದ್ದಲ್ಲ.

ತೊಳೆಯುವುದೂ ಸುಲಭ. ಬಲೆ ಬಿಚ್ಚಿ ಸೋಪುನೀರಲ್ಲಿ ಅದ್ದಿ, ಹಳೆಯ ಟೂತ್‌ಬ್ರಶ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಮಳೆಗಾಲದಲ್ಲಿ ಒಂದಿಡೀ ದಿನ ಫ್ಯಾನ್ ಕೆಳಗೆ ಬಿಡುತ್ತೇನೆ. ಮೈಕ್‌ನ ಮುಖ್ಯ ಭಾಗಕ್ಕೆ ನೀರು ತಾಗಬಾರದು. ಹತ್ತು ಜನ ಹಾಡಿದ ಮೈಕ್‌ನ ವಾಸನೆ ಗೊತ್ತಿದ್ದವರಿಗೆ ಸ್ವಂತ ಮೈಕ್‌ನ ಬೆಲೆ ಬೇರೆ ಹೇಳಬೇಕಿಲ್ಲ. ಕೋವಿಡ್ ನಂತರವಂತೂ ನಾನು ಬೇರೆಯವರ ಮೈಕ್‌ಗೆ ಬಾಯಿ ಇಟ್ಟಿಲ್ಲ.

ಸುರಕ್ಷತೆಯ ವಿಷಯ ಒಂದನ್ನು ಬಿಡದೆ ಹೇಳಲೇಬೇಕು. ಗಿಟಾರ್ ಒಂದು ಆಂಪ್‌ಗೆ, ಮೈಕ್ ಇನ್ನೊಂದು ಸಿಸ್ಟಂಗೆ ಹಾಕಿ, ಎರಡರಲ್ಲಿ ಒಂದಕ್ಕೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಗಿಟಾರ್ ತಂತಿ ಹಿಡಿದ ಕೈಗೂ ಮೈಕ್‌ಗೆ ತಾಗಿದ ತುಟಿಗೂ ನಡುವೆ ಶಾಕ್ ಹೊಡೆಯಬಹುದು. ಪೆಂಡಾಲ್‌ಗಳಲ್ಲಿ ಎಳೆದ ವೈರಿಂಗ್‌ನಲ್ಲಿ ಇದು ಅಪರೂಪ ಅಲ್ಲ. ಮೈಕ್‌ನ ದೋಷವೂ ಅಲ್ಲ, ಯಾವ ಲೋಹದ ಮೈಕ್ ಆದರೂ ಅಷ್ಟೇ. ಎರಡಕ್ಕೂ ಅರ್ಥಿಂಗ್ ಸರಿಯಿರುವ ಒಂದೇ ಪ್ಲಗ್‌ಬೋರ್ಡ್‌ನಿಂದ ಕರೆಂಟ್ ಕೊಡಿ ಅಂತ ಕೇಳಿ. ಮೇಲೆ ಒಂದು ಸ್ಪಂಜಿನ ಟೋಪಿ ಹಾಕಿಕೊಳ್ಳಿ. ಚುರ್ ಅಂದರೆ 'ಆಮೇಲೆ ನೋಡೋಣ' ಅನ್ನಬೇಡಿ, ಅಲ್ಲೇ ನಿಲ್ಲಿಸಿ ಸರಿ ಮಾಡಿಸಿ.

ಮನೆಯ ರೆಕಾರ್ಡಿಂಗ್‌ಗೂ ಇದನ್ನೇ ಬಳಸುತ್ತೇನೆ. ಹನುಮಂತನಗರದ ಬಾಡಿಗೆ ಮನೆಯ ಮಹಡಿ ನನ್ನದು. ಬೆಳಗ್ಗೆ ಸೊಪ್ಪಿನ ಗಾಡಿ, ಆಮೇಲೆ ಎದುರು ಕಟ್ಟುತ್ತಿರುವ ಮನೆಯ ಡ್ರಿಲ್ಲಿಂಗ್, ಸಂಜೆ ಆಟೋಗಳ ಹಾರ್ನ್. ಸ್ಟುಡಿಯೋಗಳಲ್ಲಿ ಬಳಸುವ ಸೂಕ್ಷ್ಮವಾದ ಕಂಡೆನ್ಸರ್ ಮೈಕ್ ಇಟ್ಟರೆ ದೂರದಿಂದ ಹಾಡುವುದರಿಂದ ಇವೆಲ್ಲ ಹಾಡಿನ ಒಳಗೇ ಬಂದು ಕೂರುತ್ತವೆ. ಎಸ್‌ಎಂ58 ಹತ್ತಿರ ಹಿಡಿದು, ಅದರ ಬಾಲ ಕಿಟಕಿಯ ಕಡೆ ಮಾಡಿ, ನನ್ನ ಬೆನ್ನ ಹಿಂದೆ ರಜಾಯಿ ತೂಗುಹಾಕಿದರೆ ಹೊರಗಿನದು ಸಾಕಷ್ಟು ಕಡಿಮೆಯಾಗುತ್ತದೆ. ಕಂಡೆನ್ಸರ್‌ನಲ್ಲಿರುವ ಆ ಮೇಲಿನ ಹೊಳಪು, ಉಸಿರಿನ ನವಿರು ಇಲ್ಲಿ ಸಿಗುವುದಿಲ್ಲ ಅನ್ನುವುದು ನಿಜ. ಡೈನಮಿಕ್ ಆದ್ದರಿಂದ ಸಿಗ್ನಲ್ ಕಡಿಮೆ, ಮೆಲುದನಿಯ ಹಾಡಿಗೆ, ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್‌ನಲ್ಲಿ ಸಿಗ್ನಲ್ ಹೆಚ್ಚಿಸುವ ಗೇನ್ ಗುಂಡಿಯನ್ನು ಮುಕ್ಕಾಲಿಗಿಂತ ಜಾಸ್ತಿ ತಿರುಗಿಸಬೇಕಾಗುತ್ತದೆ. ಆಗ ಅಗ್ಗದ ಇಂಟರ್‌ಫೇಸ್ ಆದರೆ ಹಿಂದೆ ಸುಯ್ ಅನ್ನುವ ಸದ್ದು ಬರಬಹುದು. ರಾಗ ಹೊಳೆದ ಕೂಡಲೇ ಹಿಡಿದಿಡಲು, ಡೆಮೋ ಕಳಿಸಲು, ನಾವೇ ಹಾಕಿಕೊಳ್ಳುವ ಸಣ್ಣ ಹಾಡುಗಳಿಗೆ ಇದು ಸಾಕು. ಹಣ ಕೂಡಿಸಿ ಆಲ್ಬಂ ಮಾಡುವಾಗ ದಿನಬಾಡಿಗೆಗೆ ಒಳ್ಳೆಯ ಸ್ಟುಡಿಯೋ ಹಿಡಿಯುವುದೇ ಸರಿ.

(ರೆಕಾರ್ಡ್ ಮಾಡಿ ಹೊರಗೆ ಬಿಡುವವರು ಒಂದು ನೆನಪಿಡಿ. ವಚನಕ್ಕೋ ದಾಸರ ಪದಕ್ಕೋ ರಾಗ ಹಾಕಿದರೆ ಯಾರನ್ನೂ ಕೇಳಬೇಕಿಲ್ಲ. ಈಚಿನ ಕವಿಗಳ ಕವನವಾದರೆ ಅವರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಕ್ಕು ಇರುವವರಿಗೆ ಒಂದು ಪತ್ರ ಬರೆದು ಕೇಳಿ.)

ಈಗ ಕೊಳ್ಳುವ ವಿಷಯ. ಸದ್ಯಕ್ಕೆ ಹತ್ತು ಸಾವಿರದ ಆಸುಪಾಸು ಇದೆ. ಕೆಫೆಯ ಒಂದು ಸಂಜೆಯ ಕವರ್‌ನಲ್ಲಿ ಬರುವ ದುಡ್ಡಲ್ಲ ಅದು, ನನಗೆ ಗೊತ್ತು. ನವೆಂಬರ್ ತಿಂಗಳ ರಾಜ್ಯೋತ್ಸವದ ಪ್ರೋಗ್ರಾಂಗಳ ಹಣದಲ್ಲಿ ಇದನ್ನು ಮೊದಲು ಎತ್ತಿಡಿ ಅಂತ ಹೊಸಬರಿಗೆ ಹೇಳುತ್ತೇನೆ. ಆದರೆ ಅರ್ಧ ಬೆಲೆಗೆ ಸಿಕ್ಕರೆ ದಯವಿಟ್ಟು ಕೊಳ್ಳಬೇಡಿ. ಇದರ ನಕಲಿಗಳು ಬೇಕಾದಷ್ಟಿವೆ. ನಮ್ಮ ಕೀಬೋರ್ಡ್ ನುಡಿಸುವ ಹುಡುಗ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ. ಪೆಟ್ಟಿಗೆ, ಚೀಲ, ಸ್ಟಿಕರ್ ಎಲ್ಲ ಹಾಗೇ ಇತ್ತು. ಎರಡನ್ನೂ ಎರಡು ಕೈಯಲ್ಲಿ ಹಿಡಿದಾಗಲೇ ಗೊತ್ತಾಯಿತು, ಅವನದು ಹಗುರ. ಅಸಲಿಯದು ಸುಮಾರು 298 ಗ್ರಾಂ ತೂಗುತ್ತದೆ, ಹಿಡಿಯ ಒಳಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅವನದನ್ನು ಬಿಚ್ಚಿದರೆ ಹಿಡಿ ಖಾಲಿ. ಒಂದು ಹಾಡು ಎರಡರಲ್ಲೂ ಹಾಡಿ ನೋಡಿದೆವು, ಅವನ ಮೈಕ್‌ನಲ್ಲಿ ಎಲ್ಲ ಅಕ್ಷರವೂ ಡಬ್ಬದೊಳಗಿಂದ ಬಂದ ಹಾಗಿತ್ತು. ಪಾಪ, ಹಣ ವಾಪಸ್ ಬರಲಿಲ್ಲ. ಕಂಪನಿಯ ಅಧಿಕೃತ ಡೀಲರ್ ಯಾರೆಂದು ನೋಡಿ, ಅಲ್ಲೇ ಕೊಂಡು, ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ.

ಸ್ವಿಚ್ ಇರುವ ಮಾದರಿಯೂ ಬರುತ್ತದೆ, ಎಸ್‌ಎಂ58ಎಸ್ ಅಂತ. ನಾನು ಸ್ವಿಚ್ ಇಲ್ಲದ್ದೇ ತೆಗೆದುಕೊಂಡೆ. ವೇದಿಕೆಯಲ್ಲಿ ಬೆರಳು ತಾಗಿ ಆಫ್ ಆಗುವ ಭಯವಿಲ್ಲ. ನಿರೂಪಣೆಯೂ ಮಾಡುವವರಿಗೆ ಸ್ವಿಚ್ ಬೇಕಾಗಬಹುದು.

ಎಲ್‌ಸಿ ಅಂತ ಬರೆದ ಪೆಟ್ಟಿಗೆಯಲ್ಲಿ ಚೀಲ ಮತ್ತು ಸ್ಟ್ಯಾಂಡ್ ಕ್ಲಿಪ್ ಇರುತ್ತದೆ, ಕೇಬಲ್ ಇರುವುದಿಲ್ಲ. ಕೇಬಲ್‌ಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ. ಎಕ್ಸ್‌ಎಲ್‌ಆರ್ ಅಂದರೆ ಮೈಕ್‌ನ ಬುಡದಲ್ಲಿರುವ ಮೂರು ಪಿನ್ನಿನ ಕನೆಕ್ಟರ್. ಎರಡು ಕೇಬಲ್ ಬೇಕು: ಒಂದು ಎಕ್ಸ್‌ಎಲ್‌ಆರ್‌ನಿಂದ ಎಕ್ಸ್‌ಎಲ್‌ಆರ್‌ಗೆ, ಇನ್ನೊಂದು ಎಕ್ಸ್‌ಎಲ್‌ಆರ್‌ನಿಂದ ಕಾಲಿಂಚಿನ ಜ್ಯಾಕ್‌ಗೆ. ಎರಡನೆಯದಿಲ್ಲದೆ ಪೆಂಡಾಲ್‌ಗೆ ಹೋಗಬೇಡಿ, ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಎಷ್ಟೋ ಸಲ ಜ್ಯಾಕ್‌ನ ತೂತು ಮಾತ್ರ ಇರುತ್ತದೆ. ಉದ್ದ ಐದು ಮೀಟರ್‌ಗಿಂತ ಕಡಿಮೆ ಬೇಡ. ಬೆಸುಗೆ ನಿಮ್ಮೆದುರೇ ಹಾಕಿಸಿಕೊಳ್ಳಿ, ಕನೆಕ್ಟರ್ ಲೋಹದ್ದೇ ಇರಲಿ. ನಾನು ಎಲ್ಲವನ್ನೂ ಗಿಟಾರ್ ಬ್ಯಾಗಿನ ಮುಂದಿನ ಜೇಬಿನಲ್ಲಿಟ್ಟು ಮೆಟ್ರೋದಲ್ಲೇ ಓಡಾಡುತ್ತೇನೆ. ಸ್ಕ್ಯಾನರ್‌ನಲ್ಲಿ ಕಂಡಾಗ ಒಮ್ಮೊಮ್ಮೆ ತೆಗೆದು ತೋರಿಸಿ ಅನ್ನುತ್ತಾರೆ, ಮೈಕ್ ಅಂದರೆ ಬಿಡುತ್ತಾರೆ.