ಗೇಮಿಂಗ್ ಎಕ್ಸ್‌ಪೋದಾಗ "ಫ್ರೀ ಯುಸಿ" (ಬಿಜಿಎಂಐ ಗೇಮಿನ ಒಳಗಿನ ರೊಕ್ಕ) ಚಕ್ರ ತಿರುಗಿಸಿದವ್ರು ಇವತ್ತೇ ನಿಮ್ಮ ಫೋನ್ ಚೆಕ್ ಮಾಡ್ಕೋರಿ

ಹೋದ ತಿಂಗಳು ಕಲಬುರಗಿ ರಿಂಗ್ ರೋಡ್ ಬಾಜು ಒಂದು ಫಂಕ್ಷನ್ ಹಾಲ್‌ನಾಗ ಎರಡು ದಿನ ಗೇಮಿಂಗ್ ಎಕ್ಸ್‌ಪೋ ಆಯ್ತಲ್ರಿ, ಅದಕ್ಕ ನಾನು ನಮ್ಮ ತಮ್ಮ ಇಬ್ರೂ ಹೋಗಿದ್ವಿ. ಮಾಡಿದವ್ರ ಹೆಸರು ಇಲ್ಲಿ ಬರೆಯಂಗಿಲ್ಲ, ಕಂಪ್ಲೇಂಟ್ ಕೊಟ್ಟೀವಿ, ಅದು ನಡೀಲತದ. ಆದ್ರ ಅಲ್ಲಿ ತಮ್ಮನ ಗೂಗಲ್ ಅಕೌಂಟ್ ಕದ್ದು ನಮಗ ಮಾಡಿದ ಮೋಸ ಮತ್ತೊಬ್ರಿಗೆ ಆಗಬಾರದು, ಅದಕ್ಕ ಎಲ್ಲಾ ಬರೀಲತ್ತೀನಿ. ಉದ್ದ ಆಗ್ತದ, ಆದ್ರೂ ಪೂರ್ತಿ ಓದ್ರಿ, ಮನ್ಯಾಗ ಗೇಮ್ ಆಡೋ ಹುಡುಗ್ರಿದ್ರ ಅವ್ರಿಗೂ ಓದಿ ಹೇಳ್ರಿ.

ನಾನು ಇಲ್ಲೇ ಇಂಜಿನಿಯರಿಂಗ್ ಮೂರನೇ ವರ್ಷ, ಕಂಪ್ಯೂಟರ್ ಸೈನ್ಸ್. ತಮ್ಮ ಶಹಾಪುರ ಹತ್ರ ನಮ್ಮ ಊರಾಗೇ ಇರ್ತಾನ, ಪಿಯುಸಿ ಫಸ್ಟ್ ಇಯರ್. ಅವಂಗ ಬಿಜಿಎಂಐ, ಅಂದ್ರ ಫೋನ್‌ನಾಗ ಆಡೋ ಗನ್ ಫೈಟ್ ಗೇಮ್, ಅಂದ್ರ ಜೀವ. 2020ರಾಗ ಪಬ್‌ಜಿ ಬ್ಯಾನ್ ಆದಾಗ ಇನ್ನಾ ಸಣ್ಣಾಂವ, ಅಪ್ಪನ ಫೋನ್ ಹಿಡ್ಕೊಂಡು ಅಳ್ತಾ ಕೂತಿದ್ದ, 2021ರಾಗ ಅದರದೇ ಇಂಡಿಯಾ ವರ್ಷನ್ ಬಿಜಿಎಂಐ ಬಂತು, ಮರುವರ್ಷ ಜುಲೈದಾಗ ಅದೂ ಪ್ಲೇ ಸ್ಟೋರ್‌ನಿಂದ ಹೋಯ್ತು, 2023ರ ಮೇದಾಗ ವಾಪಸ್ ಬಂತು, ಅಷ್ಟೂ ದಿನ ಒಂದೇ ಐಡಿ ಕಾಪಾಡ್ಕೊಂಡು ಬಂದಿದ್ದ. ಅಪ್ಪನ ಕಡಿ ಒಂದು ರೂಪಾಯಿ ಕೇಳಿಲ್ಲ, ಆಡಿ ಆಡಿ ಗೆದ್ದ ಡ್ರೆಸ್ಸು, ಗನ್ ಸ್ಕಿನ್ನೇ ಎಲ್ಲಾ. ಮತ್ತ ನಮ್ಮ ಕಡಿಗೆ ಇಂಥ ಎಕ್ಸ್‌ಪೋ ಎಲ್ಲಿ ಬರ್ತಾವ್ರಿ? ಕಾಮಿಕ್ ಕಾನ್ ನೋಡ್ಬೇಕಂದ್ರ ಬೆಂಗಳೂರಿಗೋ ಹೈದರಾಬಾದ್‌ಗೋ ಹೋಗ್ಬೇಕು, ನಮ್ಮ ಸರ್ಕಾರದ ಗೇಮಿಂಗ್, ಅನಿಮೇಷನ್ ಮೇಳ ಗಾಫೆಕ್ಸ್ ಸೈತ ಬೆಂಗಳೂರಾಗೇ ಆಗ್ತದ. ಹಂಗಾಗಿ ಕಲಬುರಗಿದಾಗೇ ಅದ ಅಂತ ಪೋಸ್ಟರ್ ಬಂದ ಕೂಡ್ಲೇ ಅವಾ ದಿನಕ್ಕ ನಾಕ್ ಸಲ ಫೋನ್ ಮಾಡ್ಲತಿದ್ದ. ಅವ್ವ ಬ್ಯಾಡ ಅಂದ್ಳು, ಟೆಸ್ಟ್ ಅವ, ಆ ಗೇಮಿನ ಹಿಂದ ಎಲ್ಲಿ ಹತ್ತೀರಿ ಅಂದ್ಳು. "ಅವ್ವಾ, ನಾ ಇರ್ತೀನಲ್ಲ ಸಂಗಟ" ಅಂತ ಹೇಳಿ ನಾನೇ ಒಪ್ಪಿಸ್ದೆ. ಮುಂಜಾನಿ ಬಸ್ ಹತ್ತಿ ಜೇವರ್ಗಿ ಮ್ಯಾಲಿಂದ ಬಂದ, ಅವ್ವ ಕಟ್ಟಿ ಕಳಿಸಿದ್ದ ರೊಟ್ಟಿ, ಶೇಂಗಾ ಹಿಂಡಿ ಬ್ಯಾಗ್‌ದಾಗೇ ಇತ್ತು, ತಿನ್ಲಿಕ್ಕೂ ಪುರಸೊತ್ತಿಲ್ಲ, ಸೀದಾ ಹಾಲ್‌ಗೆ ಹೋಗೋಣ ನಡಿ ಅಕ್ಕ ಅಂದ.

ಪಾಸ್ ಒಬ್ರಿಗೆ 249, ಟೂರ್ನಮೆಂಟ್‌ಗೆ ಸ್ಕ್ವಾಡ್‌ಗೆ (ನಾಕ್ ಮಂದಿ ತಂಡಕ್ಕ) 800 ಬ್ಯಾರೆ. ಪೋಸ್ಟರ್‌ದಾಗ ಹತ್ತು ಪಿಎಸ್5 ಗೇಮ್ ಮಷೀನ್, ಗೇಮಿಂಗ್ ಪಿಸಿ, ವಿಆರ್ ಝೋನ್ ಅಂತ ಇತ್ತು. ಒಳಗ ಹೋಗಿ ನೋಡಿದ್ರ ಪಿಎಸ್5 ಎರಡು, ಅದರಾಗ ಒಂದರ ಕಂಟ್ರೋಲರ್ ಸ್ಟಿಕ್ ಮುಟ್ಟದಿದ್ರೂ ಪ್ಲೇಯರ್ ತಾನೇ ಒಂದು ಕಡಿ ಓಡ್ತಿದ್ದ. ವಿಆರ್ ಅಂದ್ರ ಒಂದು ಪ್ಲಾಸ್ಟಿಕ್ ಡಬ್ಬಿ ಒಳಗ ಫೋನ್ ಇಟ್ಟು ರೋಲರ್ ಕೋಸ್ಟರ್ ವಿಡಿಯೋ ತೋರಿಸ್ತಿದ್ರು, ಅದಕ್ಕೂ 50 ರೂಪಾಯಿ ಟೋಕನ್. ಇಷ್ಟಕ್ಕೇ ಆಗಿದ್ರ ನಾ ಇದನ್ನ ಬರೀತಿರ್ಲಿಲ್ಲ, ಹೋಗ್ಲಿ ಅಂತ ಬಿಡ್ತಿದ್ದೆ.

ಒಂದು ಮಾತ್ರ ಹೇಳೇ ಮುಂದ ಹೋಗ್ತೀನಿ. ಆ ಹಾಲ್‌ಗೆ ಎರಡು ಬಾಗಿಲು, ಹಿಂದಿನ ಬಾಗಿಲಿಗೆ ಸರಪಳಿ ಸುತ್ತಿ ಕೀಲಿ ಹಾಕಿದ್ರು, ಪಾಸ್ ಇಲ್ದವ್ರು ನುಗ್ತಾರ ಅಂತ. ಒಳಗ ಫ್ಲೆಕ್ಸು, ಥರ್ಮಾಕೋಲು, ಬಟ್ಟಿ ಪರದಿ, ನೆಲದ ತುಂಬ ವೈರು, ಒಂದು ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಇನ್ನೊಂದು ಚುಚ್ಚಿ ಅದಕ್ಕ ಮತ್ತೊಂದು, ನಾ ಕೈ ಇಟ್ಟು ನೋಡ್ದೆ, ಒಲಿ ಮ್ಯಾಲಿನ ಹಂಚಿನಂಗ ಬಿಸಿ ಇತ್ತು. 2024ರ ಮೇ 25ಕ್ಕ ರಾಜಕೋಟ್‌ದಾಗ ಗೇಮ್ ಝೋನ್‌ಗೆ ಬೆಂಕಿ ಹತ್ತಿ 27 ಮಂದಿ ಸತ್ರು, ಸಣ್ಣ ಮಕ್ಕಳೂ ಇದ್ರು ಅದರಾಗ, ಫೈರ್ ಎನ್‌ಒಸಿ (ಅಗ್ನಿಶಾಮಕದವ್ರ ಒಪ್ಪಿಗಿ) ಇಲ್ದೇ ನಡೆಸ್ಲತಿದ್ರು ಅದನ್ನ. ನಾ ವಾಲಂಟಿಯರ್ ಒಬ್ಬಂಗ ಕೀಲಿ ತೆಗೀರಿ ಅಂದ್ರ "ಮ್ಯಾಡಂ, ಮ್ಯಾಲಿಂದ ಆರ್ಡರ್ ಅದ" ಅಂದ. ಅಲ್ಲಿ ಇನ್ನೂರು ಮುನ್ನೂರು ಹುಡುಗ್ರಿದ್ರು. ಆವಾಗೇ ತಮ್ಮನ್ನ ಕರ್ಕೊಂಡು ಹೊರಗ ಬರಬೇಕಿತ್ತು ನಾನು.

ಬರ್ಲಿಲ್ಲ, ಯಾಕಂದ್ರ ಟೂರ್ನಮೆಂಟ್ ಇತ್ತು. ಅವಂದು ಶಹಾಪುರ ದೋಸ್ತರ ಸ್ಕ್ವಾಡ್, ಉಳಿದ ಮೂವರು ಮನೀ ಕಡಿಂದ ಆಡೋದು, ಇವಾ ಹಾಲ್‌ನಾಗ. ಬಿಜಿಎಂಐ ಆಡೋರಿಗೆ ಗೊತ್ತು, ಗೇಮ್ ಒಳಗಿನ ಒಂದು ರೂಮ್‌ನಾಗ, ಅಂದ್ರ ಒಂದು ಮ್ಯಾಚ್‌ನಾಗ, 100 ಮಂದಿ, ಅಂದ್ರ 25 ಸ್ಕ್ವಾಡ್. ಇವ್ರು ಗ್ರೂಪ್‌ನಾಗ ಹಾಕಿದ ಲಿಸ್ಟ್ ಎಣಿಸಿದ್ರ ನಲವತ್ತರ ಮ್ಯಾಲ ಸ್ಕ್ವಾಡ್, ಎಲ್ಲಾರ ಕಡಿ ರೊಕ್ಕ ತಗೊಂಡಾರ. ರೂಮ್ ಐಡಿ, ಪಾಸ್‌ವರ್ಡ್ ಹಾಕಿದ್ದು ಮ್ಯಾಚ್‌ಗೆ ಎರಡು ನಿಮಿಷ ಮುಂಚೆ, ನಮ್ಮವ್ರು ಹೋಗೋದ್ರಾಗ ರೂಮ್ ಫುಲ್. ಎರಡನೇ ಮ್ಯಾಚ್ ಅದ ತಡೀರಿ ಅಂದ್ರು, ಎರಡು ತಾಸು ತಡದ್ವಿ, ಆಮ್ಯಾಲ ಅದು ಆನ್‌ಲೈನ್‌ದಾಗ ಆಗ್ತದ, ಡೇಟ್ ಹೇಳ್ತೀವಿ ಅಂದ್ರು. ನಮ್ಮ ತಮ್ಮನ ಮುಖ ನೋಡಬೇಕಿತ್ತು ನೀವು, ಒಂದು ವಾರದಿಂದ ರಾತ್ರಿ ಹನ್ನೆರಡರ ತನಕ ಪ್ರಾಕ್ಟೀಸ್ ಮಾಡಿದ್ದ.

ಟೂರ್ನಮೆಂಟ್ ಟೇಬಲ್ ಬಾಜೂಕೇ ಆ ಸ್ಟಾಲ್ ಇತ್ತು. ದೊಡ್ಡದೊಂದು ಚಕ್ರ, ಬಣ್ಣ ಬಣ್ಣದ ಮನಿ, ಪ್ರತಿ ಮನ್ಯಾಗೂ ಇಷ್ಟು ಯುಸಿ ಅಂತ ಬರ್ದದ. ನಿಂತಿದ್ದ ಹುಡುಗ ಭಾಳಂದ್ರ ಇಪ್ಪತ್ನಾಕು ವರ್ಷದವ, ಎಕ್ಸ್‌ಪೋದ ಟೀ ಶರ್ಟ್, ಕೊಳ್ಳಾಗ ಐಡಿ ಕಾರ್ಡು, ನಮ್ಮ ಕಡಿ ಮಾತೇ. "ಯಾಕ್ ತಮ್ಮಾ ಸಪ್ಪಗಾದಿ, ಸ್ಲಾಟ್ ಸಿಗ್ಲಿಲ್ಲೇನು, ಬಾ ಒಂದ್ ಸಲ ತಿರುಗಿಸು, ಇದು ಫ್ರೀ" ಅಂದ. ತಿರುಗಿಸ್ದ, 600 ಯುಸಿ ಬಂತು. ಈಗ ಯೋಚನಿ ಮಾಡಿದ್ರ ನಾವು ನಿಂತು ನೋಡಿದ ಹತ್ತು ನಿಮಿಷದಾಗ ಎಲ್ಲಾರಿಗೂ ಏನರ ಒಂದು ಬಂದಿತ್ತು, ಖಾಲಿ ಹೋದವ್ರು ಒಬ್ರೂ ಇರ್ಲಿಲ್ಲ.

ಯುಸಿ ಹಾಕ್ಬೇಕಂದ್ರ ಗೇಮ್ ಅಕೌಂಟ್ ವೆರಿಫೈ ಆಗ್ಬೇಕು ಅಂತ ತನ್ನ ಟ್ಯಾಬ್ ಮುಂದ ಸರಿಸಿದ. ಗೂಗಲ್ ಲಾಗಿನ್ ಪೇಜ್ ತೆಗೆದಿತ್ತು. ಇಲ್ಲಿ ಎಲ್ಲಾರೂ ಸ್ವಲ್ಪ ಲಕ್ಷ ಕೊಟ್ಟು ಓದ್ರಿ. ನಾ ಕಂಪ್ಯೂಟರ್ ಸೈನ್ಸ್ ಓದೋಕಿ, ಫಿಶಿಂಗ್ (ನಕಲಿ ಪೇಜ್ ತೋರಿಸಿ ಪಾಸ್‌ವರ್ಡ್ ಕದಿಯೋದು) ಅಂದ್ರ ಏನು ಅಂತ ಗೊತ್ತು, ಮ್ಯಾಲ ಅಡ್ರೆಸ್ ಬಾರ್ ನೋಡ್ದೆ, ಒಂದೊಂದೇ ಅಕ್ಷರ ನೋಡ್ದೆ, ಅಡ್ರೆಸ್ ಬರೋಬ್ಬರಿ ಗೂಗಲ್‌ದೇ ಇತ್ತು. ಅದಕ್ಕೇ "ಹಾಕು, ಪೇಜ್ ಅಸಲಿ ಅದ" ಅಂತ ತಮ್ಮಂಗ ನಾನೇ ಹೇಳ್ದೆ. ಪೇಜ್ ಅಸಲೀನೇ ಇತ್ರಿ, ಟ್ಯಾಬ್ ಅವಂದಿತ್ತು. ಅಷ್ಟೊಂದು ನಂಗ ಹೊಳೀಲಿಲ್ಲ. ತಮ್ಮ ಪಾಸ್‌ವರ್ಡ್ ಹೊಡದ, ಕೆಳಗ ಪಾಸ್‌ವರ್ಡ್ ಸೇವ್ ಮಾಡ್ಲ್ಯಾ ಅಂತ ಒಂದು ಪಟ್ಟಿ ಬಂತು, ಆ ಹುಡುಗನ ಹೆಬ್ಬಟ್ಟು ಅದರ ಮ್ಯಾಲ ಹೋಗಿ ಬಂದಿದ್ದು ನಂಗ ಕಂಡದ, ಕಣ್ಣು ಮಿಟುಕಿಸೋದ್ರಾಗ. ತಮ್ಮನ ಫೋನ್‌ನಾಗ "ಸೈನ್ ಇನ್ ಮಾಡ್ಲತ್ತಿರೋದು ನೀವೇನಾ" ಅಂತ ಗೂಗಲ್ ಕೇಳ್ತು, "ಹೌದು ಒತ್ತು ತಮ್ಮಾ" ಅಂದ, ಒತ್ತಿದ. ಆಮ್ಯಾಲ "ನೋಡು ನಿನ್ ಮುಂದೇ ಲಾಗೌಟ್ ಮಾಡ್ಲತ್ತೀನಿ" ಅಂತ ಆ ಪೇಜ್ ಕ್ಲೋಸ್ ಮಾಡಿ ತೋರಿಸ್ದ. ಕ್ಲೋಸ್ ಮಾಡೋದೇ ಬ್ಯಾರೆ, ಲಾಗೌಟ್ ಮಾಡೋದೇ ಬ್ಯಾರೆ, ಅದು ನಂಗ ಗೊತ್ತಿಲ್ದ ಮಾತಲ್ಲ, ಆದ್ರ ಎದುರಿಗೆ ಮನುಷ್ಯ ನಿಂತಾನ, ನಕ್ಕೋತ ಮಾತಾಡ್ಲತ್ಯಾನ, ಕೊಳ್ಳಾಗ ಕಾರ್ಡ್ ಅದ, ಹಿಂದ ಇನ್ನೂ ಹದಿನೈದು ಹುಡುಗ್ರು ಲೈನ್ ಹಚ್ಚಿ ನಿಂತಾರ. ಇದೇ ಲಿಂಕ್ ವಾಟ್ಸಾಪ್‌ದಾಗ ಬಂದಿದ್ರ ನಾ ಮುಟ್ಟತಿರ್ಲಿಲ್ಲ. ಮೋಸ ಅಂದ್ರ ದೂರದಿಂದ, ಗೊತ್ತಿಲ್ದ ನಂಬರ್‌ನಿಂದ ಬರ್ತದ ಅಂತ ನನ್ನ ತಲ್ಯಾಗಿತ್ತು.

24 ತಾಸಿನ್ಯಾಗ ಯುಸಿ ಬರ್ತದ ಅಂದಿದ್ದ. ರಾತ್ರಿ ಎಂಟೂವರೆಗೆ ತಮ್ಮ ನನ್ನ ರೂಮ್‌ನಾಗ ಕೂತು ಅವ್ವನ ರೊಟ್ಟಿ ತಿನ್ಲತಿದ್ದ, ಫೋನ್ ಟಣ್ ಅಂತು, ಗೂಗಲ್ ಲಾಗೌಟ್ ಆಯ್ತು. ಗೇಮ್ ತೆಗೆದ್ರ ಲಾಗಿನ್ ಆಗವಲ್ದು. ಅವನ ದೋಸ್ತ ಊರಿಂದ ಫೋನ್ ಮಾಡಿ, ಏ ನಿನ್ ಐಡಿ ಹೆಸರು ಚೇಂಜ್ ಆಗ್ಯಾದ, ಯಾಕ್ ಚೇಂಜ್ ಮಾಡ್ದಿ ಅಂದ. ಅಷ್ಟಕ್ಕೇ ನಿಂತಿದ್ರ ಗೇಮ್ ಹೋಯ್ತು ಅಂತ ಅಳ್ತಿದ್ವಿ ಅಷ್ಟೇ. ಆದ್ರ ಅದೇ ಗೂಗಲ್ ಅಕೌಂಟ್‌ದಾಗ ಮನೀ ಮಂದಿ ಎಲ್ಲಾರ ಕಾಂಟ್ಯಾಕ್ಟ್ ಸಿಂಕ್ ಆಗಿದ್ವು, ಫೋಟೋದಾಗ ಆಧಾರು, ಮಾರ್ಕ್ಸ್ ಕಾರ್ಡು, ಅವ್ವನ ಬ್ಯಾಂಕ್ ಪಾಸ್‌ಬುಕ್ಕು. ಒಂಬತ್ತಕ್ಕ ಹುಮನಾಬಾದ್‌ದಾಗ ಇರೋ ನಮ್ಮ ಕಾಕಾಗ ಹೊಸ ನಂಬರ್‌ನಿಂದ ವಾಟ್ಸಾಪ್ ಬಂತು, ಡಿಪಿ ನಮ್ಮ ತಮ್ಮಂದೇ. "ಕಾಕಾ ಕಲಬುರಗಿದಾಗ ಆಕ್ಸಿಡೆಂಟ್ ಆಗ್ಯಾದ, ಫೋನ್ ಒಡದದ, ದೋಸ್ತನ ನಂಬರ್ ಇದು, ಅರ್ಜೆಂಟ್ 6,500 ಹಾಕು, ಅವ್ವಗ ಹೇಳ್ಬ್ಯಾಡ." ತಮ್ಮ ಕಲಬುರಗಿಗೆ ಹೋಗ್ಯಾನ ಅನ್ನೋದು ಕಾಕಾಗ ಮೊದ್ಲೇ ಗೊತ್ತಿತ್ತು, ತಮ್ಮನ ನಂಬರ್‌ಗೆ ಒಮ್ಮೆ ಹಚ್ಚಿ ನೋಡಿದ್ರ ಆಗ್ತಿತ್ತು, ಆದ್ರ ಆಕ್ಸಿಡೆಂಟ್ ಅಂದ್ರ ಯಾರ ತಲಿ ಓಡ್ತದ್ರಿ, ಕೈ ನಡುಗ್ಕೋತ ಹಾಕಿಬಿಟ್ಟಾನ. ಇಪ್ಪತ್ತು ನಿಮಿಷಕ್ಕ ಜೀವ ತಡೀಲಾರ್ದೆ ನನಗ ಫೋನ್ ಮಾಡಿ "ಹುಡುಗ ಹ್ಯಾಂಗಿದಾನವ್ವ" ಅಂದ. ತಮ್ಮ ನನ್ನ ಮುಂದೇ ಕೂತಾನ.

ಕೂಡ್ಲೇ ಕಾಕಾನ ಕಡಿಂದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಹಚ್ಚಿಸ್ದೆ. ಅವ್ರು ಕೇಳೋದು ಏನು ಅಂದ್ರ ಯುಪಿಐದ 12 ಅಂಕಿ ಯುಟಿಆರ್ (ರೊಕ್ಕ ಹಾಕಿದ್ದರ ಗುರುತಿನ) ನಂಬರ್, ಎಷ್ಟು ರೊಕ್ಕ, ಎಷ್ಟೊತ್ತಿಗೆ, ಯಾವ ಬ್ಯಾಂಕ್‌ನಿಂದ ಹೋಗ್ಯಾದ, ಇಷ್ಟು ಕೈಯಾಗ ಇಟ್ಕೊಂಡೇ ಫೋನ್ ಮಾಡ್ರಿ, ಲೈನ್ ಸಿಗ್ಲಿಲ್ಲಂದ್ರ ಬಿಡಬ್ಯಾಡ್ರಿ, ನಮಗ ಮೂರನೇ ಸಲಕ್ಕ ಸಿಕ್ತು. 4,000 ಹೋಲ್ಡ್ ಆಗ್ಯಾದ, 2,500 ಅಷ್ಟರಾಗೇ ಯಾರೋ ತೆಗೆದಿದ್ರು. ಹೋಲ್ಡ್ ಆದದ್ದು ಮುಂದ ಕಾಕಾಗ ವಾಪಸ್ ಬರ್ತದಂತ. ಇನ್ನೊಂದು ತಾಸು ಲೇಟಾಗಿದ್ರ ಅದೂ ಸಿಗ್ತಿರ್ಲಿಲ್ಲ.

ಮರುದಿನ ಎಕ್ಸ್‌ಪೋದ ಎರಡನೇ ದಿನ, ಮುಂಜಾನಿ ಹತ್ತಕ್ಕೇ ಹೋದ್ವಿ. ಚಕ್ರ ಇದ್ದಲ್ಲಿ ಕುರ್ಚಿ ಒಟ್ಟಿದ್ರು. ಕೇಳಿದ್ರ ಅದು ಬಾಡಿಗಿ ಸ್ಟಾಲ್, ನಮಗ ಸಂಬಂಧ ಇಲ್ಲ ಅಂದ್ರು. ನಾ ಪೊಲೀಸ್ ಕಡಿ ಹೋಗ್ತೀನಿ ಅಂದದ್ದಕ್ಕ ಅಲ್ಲಿದ್ದವ ಒಬ್ಬ ತಮ್ಮನ್ನ ನೋಡಿ "ಹೋಗ್ರಿ, ಗೇಮ್ ಎಲ್ಲಾ ಬ್ಯಾನ್ ಆಗ್ಯಾವ ಈಗ, ಮೊದಲು ಇವನ್ನೇ ಒಳಗ ಹಾಕ್ತಾರ" ಅಂದ. ತಮ್ಮ ಅಲ್ಲೇ ನನ್ನ ಕೈ ಹಿಡ್ಕೊಂಡು ಅಕ್ಕ ಬ್ಯಾಡ, ಅಕ್ಕ ಮನೀಗೆ ಹೋಗಮಿ ಅನ್ಲಾಕ ಹತ್ತಿದ. ನಂಗ ಎಲ್ಲದಕ್ಕಿಂತ ಸಿಟ್ಟು ಬಂದದ್ದು ಈ ಮಾತಿಗೆ. ಹದಿನಾರು ವರ್ಷದ ಹುಡುಗನ್ನ ಅಂಜಿಸಿ ಬಾಯಿ ಮುಚ್ಚಸ್ತಾರಲ್ಲ.

ಅದು ಶುದ್ಧ ಸುಳ್ಳು. 2025ರ ಆಗಸ್ಟ್‌ದಾಗ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಲ್ಲಿಸಿದ್ದು ರೊಕ್ಕ ಹಚ್ಚಿ ರೊಕ್ಕ ಗೆಲ್ಲೋ ಗೇಮ್‌ಗಳನ್ನ. ಶಿಕ್ಷೆ ಅಂಥಾವು ನಡೆಸೋರಿಗೆ, ಜಾಹೀರಾತು ಮಾಡೋರಿಗೆ, ಆಡೋರಿಗಲ್ಲ. ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆದಾಗ ಮಾನ್ಯತೆ ಕೊಟ್ಟಾರ. ಸೈಬರ್ ಅಪರಾಧ ನೋಡೋ ಸೆನ್ ಪೊಲೀಸ್ ಠಾಣೆಗೆ ಹೋದ್ವಿ, ಯಾರೂ ತಮ್ಮಗ ಒಂದು ಮಾತು ಅನ್ಲಿಲ್ಲ, ಕೂಡಿಸಿ ನೀರು ಕೊಟ್ಟು ಬರಕೊಂಡ್ರು. ಅಲ್ಲೇ ಗೊತ್ತಾಯ್ತು, ಆ ಸ್ಟಾಲ್‌ದು ನಮಗಿಂತ ಮೊದ್ಲು ಇನ್ನೊಬ್ರು ಬಂದು ಹೋಗಿದ್ರು.

ಯುಸಿದು ಅಸಲಿ ಪದ್ಧತಿ ಹೇಳ್ತೀನಿ, ಹುಡುಗ್ರಿಗೆ ಇದೊಂದು ಗೊತ್ತಿದ್ರ ಸಾಕು. ಬಿಜಿಎಂಐದ ಅಸಲಿ ರಿಡೀಮ್ ಕೋಡ್ ಇದ್ರ ಕೇಳೋದು ನಿಮ್ಮ ಕ್ಯಾರೆಕ್ಟರ್ ಐಡಿ ನಂಬರು ಮತ್ತ ಆ ಕೋಡು, ನೀವೇ ನಿಮ್ಮ ಫೋನ್‌ನಾಗ ಹಾಕೋದು, ಗೇಮ್ ಒಳಗಿನ ಮೇಲ್‌ಗೆ ಬಹುಮಾನ ಬಂದು ಬೀಳ್ತದ. ಪಾಸ್‌ವರ್ಡು, ಓಟಿಪಿ ಯಾವುದೂ ಬೇಕಿಲ್ಲ. ಎಂಥಾ ದೊಡ್ಡ ಎಕ್ಸ್‌ಪೋ ಆಗ್ಲಿ, ಬ್ಯಾರೆಯವ್ರ ಟ್ಯಾಬು, ಪಿಸಿದಾಗ ನಿಮ್ಮ ಅಸಲಿ ಗೂಗಲ್ ಅಕೌಂಟ್ ಹಾಕಬ್ಯಾಡ್ರಿ, ಆಡ್ಲಿಕ್ಕ ಬೇಕೇ ಬೇಕಂದ್ರ ಏನೂ ಇಲ್ದ ಬ್ಯಾರೆ ಒಂದು ಅಕೌಂಟ್ ಮಾಡಿ ಇಟ್ಕೋರಿ.

ಆ ಚಕ್ರ ತಿರುಗಿಸಿದವ್ರು ಭಾಳ ಮಂದಿ ಇದ್ದೀರಿ, ನಾ ಕಣ್ಣಾರೆ ನೋಡೀನಿ. ನಿಮಗ ಇನ್ನಾ ಏನೂ ಆಗಿಲ್ಲಂದ್ರೂ ಈಗೇ ಗೂಗಲ್ ಅಕೌಂಟ್‌ದಾಗ ಸೆಕ್ಯೂರಿಟಿಗೆ ಹೋಗಿ "ಯುವರ್ ಡಿವೈಸಸ್" ತೆಗೀರಿ, ನಿಮ್ಮದಲ್ಲದ ಟ್ಯಾಬ್ ಕಂಡ್ರ ಸೈನ್ ಔಟ್ ಹೊಡೀರಿ, ಪಾಸ್‌ವರ್ಡ್ ಬದಲು ಮಾಡ್ರಿ, ರಿಕವರಿ ನಂಬರ್ ನಿಮ್ಮದೇ ಅದನೋ ಇಲ್ಲೋ ನೋಡ್ರಿ. ಅವ್ರು ನಂಬರ್ ಬದಲು ಮಾಡಿದ್ರೂ ಹಳೇ ನಂಬರ್‌ನಿಂದ ಏಳು ದಿನದ ತನಕ ವಾಪಸ್ ತಗೊಳ್ಳೋ ಅವಕಾಶ ಇರ್ತದ, ನೀವು ದಿನಾ ವಾಪರಸೋ ಫೋನು, ದಿನಾ ಕೂಡೋ ಜಾಗದಿಂದ್ಲೇ ಟ್ರೈ ಮಾಡ್ರಿ. ನಮಗ ಅವ್ವನ ನಂಬರ್‌ನಿಂದ ಮೂರನೇ ದಿನಕ್ಕ ಜಿಮೇಲ್ ವಾಪಸ್ ಬಂತು. ಆ ಕೋಡ್ ಕೇಳ್ಲಿಕ್ಕ ಫೋನ್ ಮಾಡಿದಾಗೇ ಅವ್ವಗ ಎಲ್ಲಾ ಹೇಳ್ಬೇಕಾಯ್ತು. ಬೈಲಿಲ್ಲ ಆಕಿ, ನಂಬರ್ ಒಂದೊಂದೇ ಓದಿ ಹೇಳಿದ್ಳು, ಆಮ್ಯಾಲ "ಊಟ ಮಾಡೀರಿಲ್ಲೋ" ಅಂದ್ಳು.

ಗೇಮ್ ಐಡಿ ಇನ್ನಾ ಬಂದಿಲ್ಲ, ಕಸ್ಟಮರ್ ಸಪೋರ್ಟ್‌ಗೆ ಬರ್ದೀವಿ. ಪಾಸ್‌ದು, ಸ್ಕ್ವಾಡ್ ಫೀಸ್‌ದು ರೊಕ್ಕಕ್ಕ 1915 ಗ್ರಾಹಕ ಸಹಾಯವಾಣಿಗೆ ಬ್ಯಾರೆ ಕಂಪ್ಲೇಂಟ್ ಹಾಕೀನಿ, ನಲವತ್ತು ಸ್ಕ್ವಾಡ್‌ನವ್ರೂ ಹಾಕ್ರಿ, ಪೇಮೆಂಟ್ ಸ್ಕ್ರೀನ್‌ಶಾಟ್ ಅಳಿಸಬ್ಯಾಡ್ರಿ. ಮತ್ತ ಒಂದು ಕೇಳ್ಕೋತೀನಿ. ಮೊದಲ್ನೇ ದಿನ ಮಧ್ಯಾಹ್ನ ಮೂರರಿಂದ ಐದರ ಒಳಗ ಟೂರ್ನಮೆಂಟ್ ಟೇಬಲ್ ಕಡಿ ಯಾರರ ಸೆಲ್ಫಿ, ರೀಲ್ಸ್ ಮಾಡಿದ್ರ ಹಿಂದ ಆ ಚಕ್ರ, ಆ ಹುಡುಗ ಬಂದಾನೇನೋ ಒಮ್ಮೆ ನೋಡ್ರಿ. ಠಾಣ್ಯಾಗ ಅವನ ಒಂದು ಫೋಟೋ ಸಿಕ್ರ ಭಾಳ ಅನುಕೂಲ ಆಗ್ತದ ಅಂದಾರ. ನಮ್ಮ ಕಡಿ ಇರೋದು ಒಂದೇ ಫೋಟೋ, ಅದರಾಗ ತಮ್ಮ ಚಕ್ರ ಹಿಡ್ಕೊಂಡು ನಗ್ಲತ್ಯಾನ, ಆ ಹುಡುಗಂದು ಕೈ ಅಷ್ಟೇ ಬಂದದ.