ಈಝಾ ಕೈಗೆ ಒಗ್ಗಿದ್ದು ಒಂದು ಫಂಕ್ಷನ್‌ನಿಂದ

ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ, ಫೈಲ್ ಪಟ್ಟಿ ನೋಡಲು ನಾನು ಹಳೆಯ ಎಲ್‌ಎಸ್ (ls) ಕಮಾಂಡ್ ಬಿಟ್ಟು ಈಝಾಗೆ (eza) ಬಂದು ಬಹಳ ದಿನ ಆಯಿತು. ರಸ್ಟ್ ಭಾಷೆಯಲ್ಲಿ ಬರೆದ ಉಚಿತ ಟೂಲ್ ಇದು. ಮೊದಲು ಎಕ್ಸಾ ಅಂತ ಇತ್ತು. ಅದನ್ನು ನೋಡಿಕೊಳ್ಳುವವರು ಇಲ್ಲವಾದಾಗ, 2023ರಲ್ಲಿ ಅದೇ ಕೋಡ್‌ನಿಂದ ಈಝಾ ಹುಟ್ಟಿತು. ಬಣ್ಣ, ಐಕಾನ್, ಗಿಟ್ ಸ್ಥಿತಿ (ಯಾವ ಫೈಲ್ ಬದಲಾಗಿದೆ ಅಂತ), ಟ್ರೀ ನೋಟ (ಒಳಗಿನ ಫೋಲ್ಡರ್‌ಗಳು ಕೊಂಬೆಗಳಂತೆ) ಎಲ್ಲ ಒಂದರಲ್ಲೇ ಸಿಗುತ್ತದೆ. ನನಗೆ ತುಂಬ ಇಷ್ಟ. ಆದರೆ ಒಂದು ಶೆಲ್ ಫಂಕ್ಷನ್ (ನಾವೇ ಹೆಸರಿಟ್ಟು ಬರೆದುಕೊಳ್ಳುವ ಕಮಾಂಡ್‌ಗಳ ಗುಂಪು) ಬರೆದುಕೊಳ್ಳದೆ ಬಳಸಿ ಅಂತ ಯಾರಿಗೂ ಹೇಳುವುದಿಲ್ಲ.

ಯಾಕೆ ಅಂದರೆ, ಹೊಸ ಫೈಲ್ ಕೊನೆಯಲ್ಲಿ ಕಾಣಲಿ ಅಂತ ಎಲ್‌ಎಸ್ ಮುಂದೆ ಎಲ್, ಟಿ, ಆರ್ ಮೂರನ್ನೂ ಒಟ್ಟಿಗೆ ಹೊಡೆಯುವುದು ನಮ್ಮ ಬೆರಳುಗಳಿಗೆ ಅಂಟಿದ ಅಭ್ಯಾಸ. ಈಝಾದಲ್ಲಿ ಟಿ ಕೊಟ್ಟರೆ ಸಮಯದ ಪ್ರಕಾರ ಜೋಡಿಸುವುದಿಲ್ಲ. ಯಾವ ಸಮಯ ತೋರಿಸಬೇಕು ಅಂತ ಅದು ಕೇಳುತ್ತದೆ. ಪಕ್ಕದ ಆರ್ ಅನ್ನೇ ಉತ್ತರ ಅಂದುಕೊಂಡು ಎರರ್ ಕೊಡುತ್ತದೆ. ಏಲಿಯಾಸ್, ಅಂದರೆ ಕಮಾಂಡ್‌ಗೆ ಇಡುವ ಅಡ್ಡಹೆಸರು, ಇಲ್ಲಿ ಸಾಲದು. ಅದು ಹೆಸರು ಬದಲಿಸುತ್ತದೆ ಅಷ್ಟೇ, ನಾವು ಮುಂದೆ ಏನು ಟೈಪ್ ಮಾಡಿದೆವು ಅಂತ ನೋಡುವುದಿಲ್ಲ. ಫಂಕ್ಷನ್ ನೋಡುತ್ತದೆ, ಅಲ್ವಾ?

ಹಾಗಾಗಿ ಟರ್ಮಿನಲ್ ತೆರೆದಾಗ ಓದಿಕೊಳ್ಳುವ ನನ್ನ ಬ್ಯಾಶ್‌ಆರ್‌ಸಿ (.bashrc) ಫೈಲ್‌ನಲ್ಲಿ ಎಲ್‌ಎಸ್ ಅನ್ನುವ ಹೆಸರಿನಲ್ಲೇ ಒಂದು ಫಂಕ್ಷನ್ ಇದೆ. ಮೊದಲ ಆಯ್ಕೆ ಆ ಮೂರಕ್ಷರವಾದರೆ, ಅದನ್ನು ಶಿಫ್ಟ್ ಮಾಡಿ ತೆಗೆದು, ಸಾರ್ಟ್ ನ್ಯೂಯೆಸ್ಟ್ (ಹೊಸದು ಕೊನೆಗೆ) ಅಂತ ಹಾಕಿ ಈಝಾಗೆ ಕೊಡುತ್ತದೆ. ಉಳಿದ ಸಲ ಫೋಲ್ಡರ್‌ಗಳು ಮೊದಲು, ಐಕಾನ್ ಆಟೋ. ಕೊನೆಯಲ್ಲಿ ಡಾಲರ್ ಅಟ್ ($@, ಅಂದರೆ ನಾವು ಟೈಪ್ ಮಾಡಿದ ಉಳಿದದ್ದೆಲ್ಲ) ಬರೆಯುವಾಗ ಡಬಲ್ ಕೋಟ್ಸ್ ಬಿಡಲೇಬೇಡಿ, ಬಿಟ್ಟರೆ ಹೆಸರಿನಲ್ಲಿ ಸ್ಪೇಸ್ ಇರುವ ಫೈಲ್ ಎರಡು ತುಂಡಾಗುತ್ತದೆ. ಈಝಾ ಇಲ್ಲದ ಸರ್ವರ್‌ನಲ್ಲಿ ಹಳೆಯ ಎಲ್‌ಎಸ್ ಓಡಬೇಕಲ್ಲ? ಅಲ್ಲಿ ಎಲ್‌ಎಸ್‌ಗೆ ಮೊದಲು ಕಮಾಂಡ್ (command) ಅನ್ನುವ ಪದ ಸೇರಿಸಿ. ಇಲ್ಲದಿದ್ದರೆ ಫಂಕ್ಷನ್ ತನ್ನನ್ನೇ ಕರೆಯುತ್ತಾ ಸುತ್ತುತ್ತಿರುತ್ತದೆ. ಸ್ಕ್ರಿಪ್ಟ್‌ಗಳಿಗೆ ಇದರಿಂದ ತೊಂದರೆ ಇಲ್ಲ. ಎಕ್ಸ್‌ಪೋರ್ಟ್ ಮಾಡದ ಫಂಕ್ಷನ್ ಅಲ್ಲಿಗೆ ಹೋಗುವುದೇ ಇಲ್ಲ, ನಿಜವಾದ ಎಲ್‌ಎಸ್ಸೇ ಓಡುತ್ತದೆ.

ಐಕಾನ್ ಬೇಕಿದ್ದರೆ ಐಕಾನ್ ಚಿತ್ರಗಳೂ ಇರುವ ನರ್ಡ್ ಫಾಂಟ್ ಹಾಕಿಕೊಳ್ಳಿ, ಇಲ್ಲದಿದ್ದರೆ ಬರೀ ಚೌಕಗಳು ಕಾಣುತ್ತವೆ. ಟ್ರೀ ನೋಟಕ್ಕೆ ಲೆವೆಲ್ 2 ಅಂತ ಮಿತಿ ಇಟ್ಟಿದ್ದೇನೆ. ರಾಶಿ ಫೈಲ್‌ಗಳಿರುವ ನೋಡ್ (Node.js) ಪ್ರಾಜೆಕ್ಟ್‌ನಲ್ಲಿ ಮಿತಿ ಇಲ್ಲದೆ ಓಡಿಸಿದರೆ ಪರದೆ ನಿಲ್ಲದೆ ಹರಿಯುತ್ತದೆ.

ಫೋಲ್ಡರ್‌ನ ಒಟ್ಟು ಗಾತ್ರ ತೋರಿಸುವ ಟೋಟಲ್ ಸೈಜ್ ಆಯ್ಕೆಯನ್ನು ಮಾತ್ರ ಈ ಫಂಕ್ಷನ್‌ಗೆ ಸೇರಿಸಿಲ್ಲ. ಒಳಗಿನ ಪ್ರತಿ ಫೈಲನ್ನೂ ಅದು ಲೆಕ್ಕ ಹಾಕಬೇಕು, ದೊಡ್ಡ ಫೋಲ್ಡರ್‌ನಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಅದಕ್ಕೆ ಬೇರೆ ಹೆಸರಿನ ಇನ್ನೊಂದು ಪುಟ್ಟ ಫಂಕ್ಷನ್ ಇಟ್ಟುಕೊಂಡಿದ್ದೇನೆ.